ಹೆಸರು ಹೊಲಿದ ಬಿಳಿ ಕೋಟು

ಪೂಜ್ಯ ದೊಡ್ಡಪ್ಪನವರಿಗೆ,

ಜೂನ್ ಹನ್ನೆರಡರ ಈ ಪತ್ರದ ಉದ್ದೇಶ ಒಂದೇ: ನಿಮ್ಮ ಆಸ್ಪತ್ರೆಯ ಮುಖ್ಯ ವೈದ್ಯೆಯಾಗು ಎಂಬ ಆಹ್ವಾನಕ್ಕೆ ಉತ್ತರಿಸುವುದು.

ಇಡೀ ತರಗತಿಗೆ ಮೊದಲಿಗಳಾಗಿ ನಾನು ವೈದ್ಯಕೀಯ ಮುಗಿಸಿದಾಗ ನಿಮ್ಮಿಂದ ಒಂದು ಮಾತೂ ಬರಲಿಲ್ಲ. ಮುಖ್ಯ ವೈದ್ಯರ ಸಹಿಯಿಲ್ಲದೆ ಆಸ್ಪತ್ರೆಯ ಕಟ್ಟಡ ಮಾರುವಂತಿಲ್ಲ ಎಂಬ ಹೊಸ ಕಾಯ್ದೆ ಬಂದ ವಾರವೇ ನನ್ನ ಹೆಸರು ಹೊಲಿದ ಬಿಳಿ ಕೋಟು ಬಂತು. ತೋಳಿನ ಅಳತೆಯೂ ಸರಿಯಾಗಿದೆ. ಆ ಅಳತೆಯನ್ನು ನಿಮಗೆ ಕೊಟ್ಟವರು ಯಾರೆಂದು ಕೇಳಿದರೆ ಅಮ್ಮ ಮಾತು ಮರೆಸುತ್ತಾರೆ.

ನಿನ್ನೆ ಯಾರಿಗೂ ತಿಳಿಸದೆ ನಿಮ್ಮ ಆಸ್ಪತ್ರೆಯ ವಾರ್ಡಿಗೆ ಹೋಗಿದ್ದೆ. ಇಬ್ಬರು ಟೇಪು ಹಿಡಿದು ನೆಲ ಅಳೆಯುತ್ತಿದ್ದರು. ಹಿರಿಯ ನರ್ಸ್ ನಕ್ಕರು: "ಬನ್ನಿ ಡಾಕ್ಟ್ರಮ್ಮ, ಮಲಗಿರೋ ಅಜ್ಜೀನೂ ಸೇರಿಸಿ ಅಳೀತಿದಾರೆ!"

ಕೋಟನ್ನು ಮಡಿಸಿ ಹಿಂದಿರುಗಿಸಿದ್ದೇನೆ. ಆ ಅಜ್ಜಿಯನ್ನು ಗುಣವಾಗುವ ಮುನ್ನ ಹಾಸಿಗೆಯಿಂದ ಎಬ್ಬಿಸಬೇಡಿ.

ನಾನು ಆ ಹುದ್ದೆಗೆ ಬರುವುದಿಲ್ಲ.

ಇಂತಿ,
ನಿಮ್ಮ ತಮ್ಮನ ಮಗಳು