ಹತ್ತೊಂಬತ್ತು ಸೆಕೆಂಡು

ರೀ,

ನೀವು ತೀರಿಹೋದ ಮೇಲೆ ಯಾರೂ ಮುಟ್ಟದಿದ್ದ ನಿಮ್ಮ ಮರ ಕೊಯ್ಯುವ ಮೆಷಿನ್ನನ್ನು ಇವತ್ತು ನಿಮ್ಮ ತಮ್ಮ ಓಂಕಾರ್ ಹೊರತೆಗೆದ. ನಲ್ಲೂರಿನ ನಮ್ಮ ಮನೆ ಮುಂದೆ ಗಾಳಿಗೆ ಬೇವಿನ ಮರ ಉರುಳಿತ್ತು. ನಿಮ್ಮದರಷ್ಟೇ ಸೈಜಿನ ತನ್ನ ಹೊಸ ಮೆಷಿನ್ನನ್ನೂ ತಂದಿದ್ದ.

"ಅತ್ತಿಗೆ, ಯಾವ್ದು ಜೋರು ಕೊಯ್ತೈತೆ ನೋಡೇ ಬಿಡಾನ. ನೀವು ಟೈಮ್ ನೋಡ್ರಿ," ಎಂದು ಮೊಬೈಲ್ ಕೈಗಿತ್ತ.

ಎರಡಕ್ಕೂ ಹೊಸ ಚೈನು ಹಾಕಿ ಒಂದೇ ದಿಮ್ಮಿಯನ್ನು ಕೊಯ್ದ. ಹೊಸದಕ್ಕೆ ಇಪ್ಪತ್ತಾರು ಸೆಕೆಂಡು ಹಿಡಿಯಿತು. ನಿಮ್ಮದಕ್ಕೆ ಹತ್ತೊಂಬತ್ತೇ!

"ಅಣ್ಣ ಸೈಲೆನ್ಸರಿಗೆ ಇನ್ನೊಂದು ತೂತು ಹಾಕಿ, ಕಾರ್ಬೊರೇಟರ್ ಸ್ಕ್ರೂ ತಿರುವಿದ್ದು ಇದಕ್ಕೇ ನೋಡ್ರಿ. ಹೊಗೆ ಸಲೀಸಾಗಿ ಹೋಗ್ತೈತೆ, ಇಂಜಿನ್ನಿಗೆ ಉಸಿರು ಬರ್ತೈತೆ," ಎಂದ.

ನೀವು ಆ ತೂತು ಕೊರೆದ ದಿನ, ಚೆನ್ನಾಗಿದ್ದ ಮೆಷಿನ್ ಕೆಡಿಸಿಬಿಟ್ಟಿರಿ ಎಂದು ರೇಗಿದ್ದೆ. "ಒಂದ್ಸಲ ಬಂದು ನೋಡಾಕೆ ಏನಾಗ್ತೈತೆ, ನೇತ್ರಾ?" ಎಂದು ಹಿತ್ತಲಿನಿಂದ ಕರೆದಿರಿ. ಒಲೆಯ ಮೇಲೆ ಹಾಲಿದೆ ಎಂದೆ. ಹಾಲಿರಲಿಲ್ಲ.

ಇವತ್ತು ಓಂಕಾರ್ ಮೆಷಿನ್ ಎತ್ತಿಡಲು ಹೊರಟಾಗ, "ಇನ್ನೊಂದು ಸಲ ಕೊಯ್ಯಪ್ಪಾ, ನಿಮ್ಮಣ್ಣಂದು," ಎಂದೆ.

"ಟೈಮ್ ಸರಿಯಾಗಿ ಸಿಗ್ಲಿಲ್ವಾ ಅತ್ತಿಗೆ?"

"ಟೈಮಿಗಲ್ಲಪ್ಪಾ," ಎಂದೆ. ಮೊಬೈಲನ್ನು ಅವನಿಗೆ ವಾಪಸ್ ಕೊಟ್ಟು, ಮರದ ಹೊಟ್ಟು ಮೈಮೇಲೆ ಬೀಳುವಷ್ಟು ಹತ್ತಿರ ನಿಂತು, ಕೊನೆಯವರೆಗೂ ನೋಡಿದೆ.

ನಿಮ್ಮ
ನೇತ್ರಾವತಿ