ಜಾಮೀನಿಗೆ ನಿಂತವರು

ಅಪ್ಪಾ,

ನೀವು ಹೋದ ಮೇಲೂ ಬೆಳಿಗ್ಗೆ ಯಾರಾದರೂ ಗೇಟಿನ ಚಿಲಕ ಅಲ್ಲಾಡಿಸುತ್ತಾರೆ. ‘ಲಾಯರ್ ಸಾರ್ ಇದಾರಾ?’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ನನಗಿನ್ನೂ ಬಾಯಿ ಬರುವುದಿಲ್ಲ. ಚಾಮರಾಜಪೇಟೆಯ ಈ ಮನೆಯ ಮುಂದಿನ ಕೋಣೆಯಲ್ಲಿ ನಿಮ್ಮ ಕುರ್ಚಿ ಹಾಗೇ ಇದೆ. ಅದರಲ್ಲಿ ಯಾರನ್ನು ಕೂರಿಸಲಿ, ಹೇಳಿ?

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಶನಿವಾರ ನೀವು ಜೈಲಿಗೆ ಹೊರಟಿದ್ದಿರಿ. ‘ಜಾಮೀನು ಸಿಕ್ಕಿದ್ಮೇಲೂ ಜನ ಯಾಕಪ್ಪಾ ಒಳಗೇ ಇರ್ತಾರೆ?’ ಎಂದು ಕೇಳಿದ್ದೆ. ‘ಬಂದು ಅವರ ಪರವಾಗಿ ನಿಲ್ಲೋರು ಯಾರೂ ಇರಲ್ಲ ಪುಟ್ಟಿ’ ಎಂದಿರಿ. ಕೈತುಂಬ ಇದ್ದ ಆಸ್ತಿ ಕೇಸುಗಳನ್ನು ಬಿಟ್ಟು, ಇಡೀ ವಕೀಲಿಕೆಯನ್ನು ಅಂಥವರಿಗಾಗಿ ಸವೆಸಿದಿರಿ. ಅವರ ನೆಂಟರನ್ನು ಹುಡುಕಿದಿರಿ, ಷರತ್ತು ಸಡಿಲಿಸಿ ಎಂದು ನ್ಯಾಯಾಧೀಶರೆದುರು ವಾದಿಸಿದಿರಿ, ಕಿರಿಯ ವಕೀಲರನ್ನು ಎಳೆದುಕೊಂಡು ಹೋಗಿ ಅದೇ ಕೆಲಸ ಕಲಿಸಿದಿರಿ. ನನಗೂ ತಮ್ಮ ಸುಮಂತನಿಗೂ ಅದು ನಿಮ್ಮ ಕೆಲಸ, ಅಷ್ಟೆ. ಅದು ನಮ್ಮ ಮನೆಯೊಳಗೇ ಬರುತ್ತದೆಂದು ಯಾರು ತಾನೇ...

ಮಾರ್ಕೆಟ್ಟಿನ ಹತ್ತಿರ ಸುಮಂತನಿಗೆ ಟೆಂಪೊ ಗುದ್ದಿದ ದಿನ, ಆಸ್ಪತ್ರೆಯಲ್ಲಿ ನೀವು ಅವನ ಪಾದ ಹಿಡಿದು ಕೂತಿದ್ದಿರಿ. ‘ತಣ್ಣಗಾಗ್ತಿದೆ, ಒಂದು ಹೊದಿಕೆ ಕೊಡಿ’ ಎಂದು ನರ್ಸನ್ನು ಕೇಳಿದಿರಿ. ಆಗಲೇ ಅವನು ಹೋಗಿ ತುಂಬ ಹೊತ್ತಾಗಿತ್ತು. ನಿಮಗೆ ಗೊತ್ತಿರಲಿಲ್ಲವೇ ಅಪ್ಪಾ?

ಕರ್ಮಾಂತರ ಮುಗಿದ ಮೇಲೆ ಒಂದು ಮಧ್ಯಾಹ್ನ ನೀವು ಊಟದ ತಟ್ಟೆ ಮುಂದಿಟ್ಟುಕೊಂಡು ಹೇಳಿದಿರಿ, ‘ಆ ಡ್ರೈವರ್‌ಗೆ ಜಾಮೀನು ಆಗಿದೆಯಂತೆ. ಯಾರೂ ಬಂದಿಲ್ಲ. ಒಳಗೇ ಇದಾನೆ.’

‘ಇರಲಿ’ ಎಂದಳು ಅಮ್ಮ.

‘ಅವನ ದೊಡ್ಡಪ್ಪ ಹಳ್ಳೀಲಿದಾರಂತೆ. ನಾನು ಹೋಗಿ ಮಾತಾಡಿ ಬರ್ತೀನಿ.’

‘ನಮ್ಮ ಮಗನ್ನ ಸಾಯಿಸಿದೋನಿಗೆ ಜಾಮೀನು ಹುಡುಕ್ಕೊಂಡು ಹೋಗ್ತೀರಾ? ನೀವು ಅವನಿಗೆ ಅಪ್ಪನೇನ್ರೀ?’

ನೀವು ಎಷ್ಟು ಮೆಲ್ಲಗೆ ಹೇಳಿದಿರಿ! ‘ಅಪ್ಪನೇ ಕಣೇ. ಕೋರ್ಟು ಶಿಕ್ಷೆ ಕೊಟ್ರೆ ಅನುಭವಿಸ್ಲಿ. ಯಾರೂ ಇಲ್ಲ ಅನ್ನೋದಕ್ಕೆ ಒಳಗಿರೋದು ಬೇಡ.’ ತಟ್ಟೆಯಲ್ಲೇ ಕೈತೊಳೆದು, ಒಬ್ಬರೇ ಬಸ್ಸು ಹಿಡಿದು ಹೋದಿರಿ. ಆ ದೊಡ್ಡಪ್ಪನನ್ನು ಕರೆತಂದು ಜಾಮೀನಿಗೆ ನಿಲ್ಲಿಸಿದಿರಿ. ಅಂದಿನಿಂದ ಅಮ್ಮ ನಿಮ್ಮ ಕೋಣೆಗೆ ಕಾಲಿಡಲಿಲ್ಲ. ಬಂದವರಿಗೆಲ್ಲ ನೀವೇ ಕಾಫಿ ತಂದುಕೊಡುತ್ತಿದ್ದಿರಿ.

ನಿಮ್ಮನ್ನು ಅಂಗಳದಲ್ಲಿ ಮಲಗಿಸಿದ್ದ ದಿನ ಆ ಡ್ರೈವರ್ ಬಂದಿದ್ದ. ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದನಂತೆ. ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಮುಖ ತಿರುಗಿಸಿಕೊಂಡಳು. ನಾನೂ ಮಾತಾಡಿಸಲಿಲ್ಲ. ಆಗಲಿಲ್ಲಪ್ಪಾ. ನಿಮಗೆ ಹೇಗೆ ಸಾಧ್ಯವಾಯಿತು?

ಹೋದ ವಾರದ ಸಮಾಚಾರ ಹೇಳುವುದಕ್ಕೇ ಈ ಕಾಗದ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸೊಬ್ಬರು ನಿಮ್ಮನ್ನು ಹುಡುಕಿಕೊಂಡು ಬಂದರು. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಕಳ್ಳತನವಾಗಿ, ಅಲ್ಲಿ ಮೂಟೆ ಹೊರುತ್ತಿದ್ದ ಅವರ ಮಗನನ್ನು ಹಿಡಿದಿದ್ದರು. ಜಾಮೀನಾಗಿದೆ, ನಿಲ್ಲುವವರಿಲ್ಲ. ನೀವಿಲ್ಲವೆಂದು ಕೇಳಿ ಆಕೆ ಮೆಟ್ಟಿಲ ಮೇಲೆ ಕುಸಿದು ಕೂತರು. ಅಮ್ಮ ಒಳಗಿನಿಂದ ಬಂದು, ‘ಅಲ್ಯಾಕೆ ಕೂತ್ರಿ, ಒಳಗ್ಬನ್ನಿ’ ಎಂದಳು. ಆಮೇಲೆ ಬೀರು ತೆಗೆದು, ತನ್ನ ಹೆಸರಲ್ಲಿರುವ ಈ ಮನೆಯ ಪತ್ರ ಹುಡುಕತೊಡಗಿದಳು.

‘ಅಮ್ಮಾ, ಅವನು ಓಡಿಹೋದ್ರೆ?’ ಎಂದೆ.

‘ಓಡಿಹೋದ್ರೆ ನಾನು ಕೋರ್ಟಿಗೆ ಉತ್ತರ ಹೇಳ್ತೀನಿ. ನೀನು ಆಟೋ ಕರಿ.’

ಕೋರ್ಟಿನಲ್ಲಿ ನ್ಯಾಯಾಧೀಶರು, ‘ಆರೋಪಿ ನಿಮಗೇನಾಗ್ಬೇಕಮ್ಮ?’ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು, ‘ಏನೂ ಆಗ್ಬೇಕಿಲ್ಲ ಸ್ವಾಮಿ. ಅವನ ತಾಯಿ ನಮ್ಮನೆಗೆ ಬಂದಿದ್ರು’ ಎಂದಳು. ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಆಟೋದಲ್ಲಿ ವಾಪಸು ಬರುವಾಗ ಇದ್ದಕ್ಕಿದ್ದಂತೆ ನನ್ನ ಭುಜಕ್ಕೊರಗಿ ಅಳತೊಡಗಿದಳು. ‘ನಿಮ್ಮಪ್ಪ ಒಬ್ರೇ ಹೋದ್ರಲ್ಲೇ ಆವತ್ತು ಆ ಹಳ್ಳಿಗೆ... ಒಬ್ರನ್ನೇ ಕಳಿಸ್ಬಿಟ್ನಲ್ಲೇ...’

ಅಪ್ಪಾ, ಆ ಮಾತು ನಿಮ್ಮ ಕಿವಿಗೆ ಬೀಳಬೇಕಿತ್ತು. ಒಂದೇ ಒಂದು ಸಲವಾದರೂ.

ಹುಡುಗ ಬಿಡುಗಡೆಯಾಗಿ ತನ್ನ ಮನೆ ಸೇರಿದ್ದಾನೆ. ಮುಂದಿನ ವಾಯಿದೆಗೆ ಅವನ ಜೊತೆ ತಾನೂ ಹೋಗುತ್ತಾಳಂತೆ ಅಮ್ಮ. ನಾನು ರಜೆ ಹಾಕಿದ್ದೇನೆ. ಅವಳನ್ನು ಒಬ್ಬಳೇ ಕಳಿಸುವುದಿಲ್ಲ.

ನಿಮ್ಮ
ಪುಟ್ಟಿ