ಕೋಳಿ ಕೊಟ್ಟು ಬಾ

ಹೊನ್ನಾವರ ತಾಲ್ಲೂಕು
೩೦ ಆಗಸ್ಟ್ ೧೯೮೪

ಪೂಜ್ಯ ಫಾದರ್,

ತೆನೆ ಹಬ್ಬದ ದಿನ ನೀವು ಚರ್ಚಿನ ಪರವಾಗಿ ನನ್ನ ಕ್ಷಮೆ ಕೇಳುತ್ತೀರಂತೆ; ನಾನು ಎಲ್ಲರೆದುರು ನಿಂತು ಚರ್ಚನ್ನು ಕ್ಷಮಿಸಿದ್ದೇನೆ ಎನ್ನಬೇಕಂತೆ. ಚರ್ಚಿನ ಗುರಿಕಾರ ಪೆದ್ರು ಬಂದು, 'ಒಂದು ಮಾತು ಅಂದ್ರೆ ಆತು, ಕರ್ಮಿಣ್ ಬಾಯಿ' ಎಂದ.

ಕ್ಷಮಿಸಿ ಆಗಿದೆ. ನನ್ನ ಗಂಡ ಇನಾಸ ತಾನೂ ಕ್ಷಮಿಸಿ, ನನ್ನಿಂದಲೂ ಹೇಳಿಸಿಯೇ ಕಣ್ಣು ಮುಚ್ಚಿದ.

ಎಪ್ಪತ್ತೇಳರಲ್ಲಿ ಭೂ ನ್ಯಾಯಮಂಡಳಿಯ ಸಾಹೇಬರು ನಮ್ಮ ಗದ್ದೆಗೆ ಇಳಿಯಲೇ ಇಲ್ಲ. ಆಗಿನ ಪಾದ್ರಿಗಳ ಜಗಲಿಯಲ್ಲಿ ಕೂತು, 'ಇದು ಎಂತ ಕತೆ, ಫಾದರ್?' ಎಂದು ಕೇಳಿದರು. 'ಇನಾಸ ಗೇಣಿದಾರನಲ್ಲ, ಕೂಲಿಯವ' ಎಂದರು ಪಾದ್ರಿಗಳು. ಸಾಹೇಬರು ಅದನ್ನೇ ಬರೆದುಕೊಂಡರು. ಹದಿನೆಂಟು ವರ್ಷ ನಾವು ಗೇಣಿಗೆ ಉತ್ತ ಗದ್ದೆ ಚರ್ಚಿಗೇ ಉಳಿಯಿತು.

ಚಿಕ್ಕವಳಿದ್ದಾಗ ನಾನು ಪಕ್ಕದ ಮನೆಯ ಕೋಳಿ ಕದ್ದು ಪಾಪನಿವೇದನೆಗೆ ಹೋಗಿದ್ದೆ. 'ಮೊದಲು ಕೋಳಿ ಕೊಟ್ಟು ಬಾ' ಎಂದು ಅದೇ ಪಾದ್ರಿಗಳು ಎಬ್ಬಿಸಿ ಕಳಿಸಿದ್ದರು.

ನೀವು ಕ್ಷಮೆ ಕೇಳುತ್ತಿರುವುದು ದೇವರ ಪೀಠದ ಮುಂದೆ. ಸುಳ್ಳು ಹೇಳಿದ್ದು ಸರಕಾರದ ಮುಂದೆ. ಇನಾಸ ಗೇಣಿದಾರನೇ ಎಂದು ಚರ್ಚಿನ ಮೊಹರು ಹಾಕಿ ತಾಲ್ಲೂಕು ಕಚೇರಿಗೆ ಬರೆದುಕೊಡಿ.

ಈ ಸಲ ಆಶೀರ್ವಾದಕ್ಕೆ ಇಟ್ಟು ಮನೆಮನೆಗೆ ಹಂಚುವ ತೆನೆ ಆ ಗದ್ದೆಯದೇ ಎಂದು ಪೆದ್ರು ಖುಷಿಯಿಂದ ಹೇಳಿದ. ನೀವು ಬರೆಯುವ ತನಕ ನನ್ನ ಪಾಲಿನ ತೆನೆ ಪೀಠದ ಮೇಲೇ ಒಣಗಲಿ.

ಇಂತಿ,
ಗೇಣಿದಾರ ಇನಾಸನ ಹೆಂಡತಿ
ಕರ್ಮಿಣ್